ಹಾಡಿನ ತಂಗಿ, ಮನೆಯ ತಂಗಿ

ನಮ್ಮ ಸೀಮೆಯಲ್ಲಿ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಊರಿನ ಮದುವೆಗೆ ಹೋದರೂ, ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿಗೆ ಹಳೆಯ ಚಲನಚಿತ್ರವೊಂದರ ಹಾಡು ಕೇಳಿಬರುವುದುಂಟು. ಅಣ್ಣನು ತಂಗಿಯನ್ನು ಹರಸುವ ಹಾಡು ಅದು. ಆ ಚಿತ್ರವನ್ನು ನೋಡಿರದ ಎಳೆಯರೂ ಆಗ ಕಣ್ಣೊರಸಿಕೊಳ್ಳುತ್ತಾರೆ. 1958ರಲ್ಲಿ ರಾಜಕುಮಾರ್ ಮತ್ತು ಬಿ. ಸರೋಜಾದೇವಿಯವರು ಅಭಿನಯಿಸಿದ ‘ಅಣ್ಣ ತಂಗಿ’ ತೆರೆಗೆ ಬಂದಿತು. 2005ರಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರವು ಬಂದಿತು. ನಡುವಣ 47 ವರ್ಷಗಳಲ್ಲಿ ವಾದ್ಯಗಳು ಬದಲಾದುವು, ಧಾಟಿ ಬದಲಾಯಿತು. ಭಾವವು ಮಾತ್ರ ಹಾಗೆಯೇ ಉಳಿಯಿತು. ಅದು ಉಳಿದುದೇಕೆ? ಉಳಿದು ನಮಗೆ ಮಾಡಿದ ಉಪಕಾರವೇನು?

ಹಾಡು ತಾನು ಹುಟ್ಟಿದ ಸಂದರ್ಭವನ್ನು ಮೀರಿ ಬಾಳಬಲ್ಲುದೆಂಬುದಕ್ಕೆ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯೇ ಸಾಕ್ಷಿ. ಆ ಊರಿನ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ತರುವಾಯ, 1992ರಲ್ಲಿ, ನಾಗಾಭರಣರ ಚಿತ್ರವು ಆ ಕವಿತೆಗಳ ಸುತ್ತಲೇ ಕಥೆಯೊಂದನ್ನು ಹೆಣೆಯಿತು. ಮನೆಯ ಮಾತು ಹಾಡಾದರೆ ಅದಕ್ಕೆ ಮುಪ್ಪು ಬರುವುದು ತಡವಾಗಿ.

ಅದಕ್ಕೂ ಹಿಂದೆ ಬೀಸುವ ಕಲ್ಲಿನ ಪದಗಳಿದ್ದುವು. ಅತ್ತೆಮನೆಯ ಸೊಸೆಯು ನಸುಕಿನಲ್ಲಿ ರಾಗಿ ಬೀಸುತ್ತ ತವರನ್ನೂ ಒಡಹುಟ್ಟಿದವರನ್ನೂ ನೆನೆದು ಹಾಡುತ್ತಿದ್ದಳು. ಕಲ್ಲು ಮೂಲೆ ಸೇರಿದಮೇಲೆ ತೆರವಾದ ಆ ಸ್ಥಾನಕ್ಕೆ ಚಿತ್ರಗೀತೆಯು ಬಂದಿತು. ಆದರೆ ಇಲ್ಲೊಂದು ವ್ಯತ್ಯಾಸವುಂಟು. ಬೀಸುವ ಪದವನ್ನು ಹಾಡಿದವಳು ತಂಗಿ. ಚಿತ್ರಗೀತೆಯನ್ನು ಹಾಡುವವನು ಬಹುಮಟ್ಟಿಗೆ ಅಣ್ಣ. ಅಂದು ಬೇಡುವವಳ ಕಂಠವಿದ್ದಲ್ಲಿ ಇಂದು ಕೊಡುವವನ ಕಂಠವಿದೆ. ಕೊಡುವವನು ತನ್ನ ಔದಾರ್ಯವನ್ನು ತಾನೇ ಹಾಡಿಕೊಂಡಾಗ ಕೇಳುವವರು ಕೊಂಚ ಎಚ್ಚರದಿಂದಿರುವುದು ಒಳ್ಳೆಯದು.

ಏಕೆಂದರೆ, ಚಪ್ಪರ ಬಿಚ್ಚಿದ ಕೆಲವು ದಿನಗಳಲ್ಲಿಯೇ ಅದೇ ತಂಗಿಯನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಕನ್ನಂಬಾಡಿಯ ನೀರು ಹರಿಯುವ ಗದ್ದೆಯ ಬೆಲೆ ಸಾಮಾನ್ಯವಾದುದಲ್ಲ. ನಮ್ಮ ರಾಜ್ಯದ ಕಾನೂನು 1994ರಲ್ಲಿಯೇ ಮಗಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಹಭಾಗಿಯನ್ನಾಗಿ ಮಾಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ದೇಶದ ಕಾನೂನು 2005ರಲ್ಲಿ ಆ ಭೇದವನ್ನೂ ತೆಗೆದುಹಾಕಿತು. ತೆರೆಯ ಮೇಲೆ ಎರಡನೆಯ ‘ಅಣ್ಣ ತಂಗಿ’ ಬಂದ ವರ್ಷವೂ ಅದೇ.

“ತಂಗಿಯು ತಾನಾಗಿಯೇ ಬಿಟ್ಟುಕೊಟ್ಟಳಲ್ಲ!” ಎಂದು ಹೇಳುವವರಿದ್ದಾರೆ. ನಿಜವಾಗಿಯೂ ಸಂತೋಷದಿಂದ ಬಿಟ್ಟುಕೊಟ್ಟವರೂ ಇಲ್ಲದಿಲ್ಲ. ಆದರೆ ಗೌರಿಹಬ್ಬದ ಬಾಗಿನ ನಿಂತೀತು, ಮಡಿಲಕ್ಕಿ ತುಂಬುವವರಿಲ್ಲದಂತಾದೀತು, ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಕೊಟ್ಟುದು ದಾನವೆ? ಆ ಭಯಕ್ಕೆ ಹಾಡೂ ಒಂದು ಕಾರಣವಾಗುವುದುಂಟು. ಪಾಲನ್ನು ಕೇಳಿದವಳು ಹಾಡಿನ ತಂಗಿಯಾಗಿ ಉಳಿಯುವುದಿಲ್ಲ. ಊರವರ ಬಾಯಲ್ಲಿ ಆಕೆ ಮನೆಮುರುಕಿಯಾಗುತ್ತಾಳೆ.

ಹಾಗೆಂದು ಈ ಹಾಡುಗಳೆಲ್ಲ ಸುಳ್ಳು, ಇವನ್ನು ತೊರೆಯಬೇಕು ಎಂಬ ಕೆಲವರ ತೀರ್ಮಾನವು ನನಗೆ ಒಪ್ಪಿಗೆಯಾಗದು. ಹಾಡು ನಡೆದುದನ್ನು ಹೇಳುವ ಸಾಕ್ಷಿಯಲ್ಲ. ನಡೆಯಬೇಕಾದುದನ್ನು ನುಡಿಯುವ ಹರಕೆ. ಹರಕೆ ಹೊತ್ತವನು ಅದನ್ನು ತೀರಿಸದೆ ಹೋದರೆ ದೋಷವು ಹರಕೆಯದಲ್ಲ.

1972ರ ‘ಬಂಗಾರದ ಮನುಷ್ಯ’ದ ಹಾಡುಗಳನ್ನು ಇಂದಿಗೂ ಗುನುಗದ ಮನೆಯಿಲ್ಲ. ಅದರ ಕಥೆಯನ್ನು ನೆನೆಯುವವರು ಅದಕ್ಕಿಂತ ಕಡಮೆ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕಾಗಿ ದುಡಿದ ರಾಜೀವನು, ತಾನು ಬೆಳೆಸಿದ ಹುಡುಗನಿಂದಲೇ ಸಂದೇಹದ ಮಾತನ್ನು ಕೇಳಿ, ಕೊನೆಗೆ ಮನೆಯನ್ನೇ ಬಿಟ್ಟು ನಡೆಯುತ್ತಾನೆ. ಅಲ್ಲಿ ಪ್ರೀತಿಯ ಬೆಲೆಯನ್ನು ತೆತ್ತವನು ಸೋದರ. ನಾವು ಹಾಡನ್ನು ಉಳಿಸಿಕೊಂಡು ಕಥೆಯನ್ನು ಬಿಟ್ಟೆವು. ಆದುದರಿಂದಲೇ ನಮ್ಮ ಮನೆಗಳಲ್ಲಿ ಆ ಬೆಲೆಯನ್ನು ಸೋದರಿಯು ತೆರುವಂತಾಯಿತು.

ಹಾಡು ಬಾಳಲಿ, ಕಣ್ಣೀರೂ ಬರಲಿ. ಆದರೆ ಆ ಕಣ್ಣೀರನ್ನು ಒರಸಿಕೊಂಡ ಕೈಯೇ ತಂಗಿಯ ಮುಂದೆ ಕಾಗದವನ್ನು ಚಾಚುವುದಾದರೆ, ಮುಂದಿನ ಗೌರಿಹಬ್ಬಕ್ಕೆ ಬಾಗಿನವನ್ನು ಕೊಡುವಾಗ ಅಣ್ಣನಾದವನು ಅವಳ ಮುಖವನ್ನು ನೆಟ್ಟಗೆ ನೋಡಬಲ್ಲನೆ?