ಇಂದಿನ ಧಮ್ಮ ಚಿಂತನೆ: ಕಲ್ಯದ ಕಲ್ಲಿನಲ್ಲಿ ನಮ್ಮವರು

 

ಧಮ್ಮ ದೀಕ್ಷೆ ಪಡೆದವರು ಹಳೆಯ ಗುಡಿ, ಬಸದಿ, ಬೆಟ್ಟ ನೋಡಲು ಹೋಗಬಹುದೇ ಎಂದು ನಮ್ಮ ಬಳಗದಲ್ಲಿ ಆಗಾಗ ಕೇಳುತ್ತಾರೆ. ಕೈಮುಗಿಯಲು ಬೇಡ, ಓದಲು ಹೋಗಿ ಎನ್ನುತ್ತೇನೆ ನಾನು. 22 ಪ್ರತಿಜ್ಞೆಗಳು ನಮ್ಮಿಂದ ಪೂಜೆಯನ್ನು ಬಿಡಿಸಿದವು, ಚರಿತ್ರೆಯನ್ನಲ್ಲ.

ಮಾಗಡಿ ಹತ್ತಿರದ ಕಲ್ಯವನ್ನೇ ನೋಡಿ. ಈಗ ಅದು ಬೆಟ್ಟದ ಮಗ್ಗುಲಿನ ಸಣ್ಣ ಊರು. ಒಂದು ಕಾಲಕ್ಕೆ ಜೈನರ ನೆಲೆ. ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದೂ ಇಲ್ಲೇ ಎನ್ನುವ ನಂಬಿಕೆ ವೀರಶೈವರಲ್ಲಿದೆ. 1368ರಲ್ಲಿ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರ ಪಂಚಮಹಾವಾದ್ಯ, ಕಲಶ ಹಿಂದಿನಂತೆಯೇ ನಡೆಯಲಿ ಎಂದ. ಈ ಒಪ್ಪಂದದ ಶಾಸನ ಕಲ್ಯದಲ್ಲೂ ಇದೆ, ಶ್ರವಣಬೆಳಗೊಳದಲ್ಲೂ ಇದೆ.

ಬೆಳಗೊಳದ ಶಾಸನದಲ್ಲಿ, ಯಾರ ಕೈಯಲ್ಲಿ ಜೈನರ ಕೈಯಿಟ್ಟನೋ ಆ ವೈಷ್ಣವರ ಪಟ್ಟಿಯಿದೆ. ಆಚಾರ್ಯರಿಂದ ಶುರುವಾಗಿ ಕಟ್ಟಕಡೆಗೆ ತಿರುಕುಲ, ಜಾಂಬವಕುಲ ಎಂಬ ಹೆಸರುಗಳು ಬರುತ್ತವೆ. ಅವರು ಹೊಲೆಯರು, ಮಾದಿಗರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ನಮ್ಮ ಹಿರಿಯರು!

ಆರೂವರೆ ಶತಮಾನದ ಹಿಂದಿನ ಕಲ್ಲಿನಲ್ಲಿ ನಮ್ಮವರನ್ನು ಕಂಡು ಹೆಮ್ಮೆಯಾಗುತ್ತದೆ. ಆದರೆ ಧಮ್ಮ ನಮಗೆ ಕಲಿಸಿದ್ದು ಪ್ರಶ್ನಿಸುವುದನ್ನು. ಒಪ್ಪಂದಕ್ಕೆ ನಮ್ಮವರ ಕೈ ಬೇಕಾಯಿತು. ಆ ಕೈಗೆ ಏನು ಸಿಕ್ಕಿತು? ಏನೂ ಇಲ್ಲ. ಪಟ್ಟಿಯಲ್ಲಿ ಕೊನೆಯವರು, ಊರಲ್ಲೂ ಕೊನೆಯವರು. ಜೈನರ ನೆಮ್ಮದಿಯಾದರೂ ಅರಸನ ಮಾತಿನ ಮೇಲೆ ನಿಂತಿತ್ತು. ಬೆಳಗೊಳದಲ್ಲಿ 20 ಮಂದಿ ಕಾವಲುಗಾರರನ್ನಿಡಲು ಜೈನರೇ ಮನೆಗೊಂದು ಹಣ ಕೊಡಬೇಕಿತ್ತು. ಅದು ದಯೆ, ಹಕ್ಕಲ್ಲ.

ದಯೆಯನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಬಾಬಾಸಾಹೇಬರು ನಮಗೆ ಕೊಡಿಸಿದ್ದು ಹಕ್ಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 25ನೇ ವಿಧಿ ಯಾವ ಧರ್ಮವನ್ನು ಒಪ್ಪಬೇಕೆಂಬುದನ್ನು ನಮ್ಮ ಅಂತಃಸಾಕ್ಷಿಗೇ ಬಿಟ್ಟಿತು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ತಾವು ಪಡೆದದ್ದು ಫ್ರಾನ್ಸಿನ ಕ್ರಾಂತಿಯಿಂದಲ್ಲ, ಗುರು ಬುದ್ಧರಿಂದ ಎಂದು 1954ರಲ್ಲಿ ಆಕಾಶವಾಣಿಯಲ್ಲಿ ಅವರು ಹೇಳಿದ್ದು ಇದಕ್ಕೇ.

ಇನ್ನೊಂದು ಮಾತು. ಆ ಕಲ್ಲಿನಲ್ಲಿ ತಿರುಕುಲ, ಜಾಂಬವಕುಲ ಅಕ್ಕಪಕ್ಕದಲ್ಲಿವೆ. ಇಂದು ನಾವು ಎಡಗೈ, ಬಲಗೈ ಎಂದು ಮುಖ ತಿರುಗಿಸಿಕೊಂಡರೆ, ನಮ್ಮಿಬ್ಬರ ಕೈ ಕೂಡಿಸಲು ಯಾವ ಬುಕ್ಕರಾಯನೂ ಬರುವುದಿಲ್ಲ. ಒಂದೇ ಮೈಯ ಎರಡು ಕೈಗಳು ನಾವು. ಬಂಧುತ್ವ ಬಾಯಿಪಾಠವಾದರೆ ಸಾಲದು. ಸಂಘವನ್ನು ಶರಣು ಹೋಗುವುದೆಂದರೆ ಪಕ್ಕದವರ ಕೈಯನ್ನು ನಾವಾಗಿಯೇ ಹಿಡಿಯುವುದು.

ಇಂದಿನ ಅಭ್ಯಾಸ: ಮಾತು ಬಿಟ್ಟಿರುವ ಒಬ್ಬ ಬಂಧುವಿಗೆ ಇವತ್ತೇ ಫೋನ್ ಮಾಡಿ. ಬಿಡುವಾದ ಭಾನುವಾರ ಮಕ್ಕಳನ್ನು ಕಲ್ಯಕ್ಕೆ ಕರೆದುಕೊಂಡು ಹೋಗಿ. ಈ ಕಥೆ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏