ಹಸಿಚಿತ್ರವೂ ಸತ್ಯದ ಹೊಣೆಯೂ

ಕೆಲಸದ ಉಪಕರಣವನ್ನು ಆರಿಸಿಕೊಳ್ಳುವುದು ಕೇವಲ ಸೌಕರ್ಯದ ವಿಚಾರವೋ, ಧರ್ಮದ ವಿಚಾರವೂ ಹೌದೋ? ಬಡಗಿಯು ಉಳಿಯನ್ನು ಆರಿಸಿಕೊಳ್ಳುತ್ತಾನೆ. ಅಕ್ಕಸಾಲಿಗನು ತಕ್ಕಡಿಯನ್ನು ಆರಿಸಿಕೊಳ್ಳುತ್ತಾನೆ. ಉಳಿಯು ಮೊಂಡಾದರೆ ಕೆಲಸ ಮಾತ್ರ ಕೆಡುತ್ತದೆ. ತಕ್ಕಡಿಯು ಓರೆಯಾದರೆ ಧರ್ಮವೇ ಕೆಡುತ್ತದೆ. ಈಗಿನ ಛಾಯಾಗ್ರಾಹಕರು ತಮ್ಮ ಹಸಿಚಿತ್ರಗಳನ್ನು ಹದಗೊಳಿಸುವುದಕ್ಕಾಗಿ ಗಣಕಯಂತ್ರದಲ್ಲಿ ಇರಿಸಿಕೊಳ್ಳುವ ಸಾಫ್ಟ್‌ವೇರ್ ಉಳಿಯ ಜಾತಿಯದೋ, ತಕ್ಕಡಿಯ ಜಾತಿಯದೋ? ನಮ್ಮ ನ್ಯಾಮತಿಯಂತಹ ಊರಿನಲ್ಲಿಯೂ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಈ ಯಂತ್ರದ ಮೂಲಕವೇ ಮನೆಯ ನೆನಪಾಗಿ ಉಳಿಯುತ್ತಿರುವುದರಿಂದ, ಪ್ರಶ್ನೆಯು ವಿಚಾರಾರ್ಹವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಕ್ಯಾಮರಾದ ಒಳಗಣ ಫಲಕಕ್ಕೆ ಸ್ವತಃ ಬಣ್ಣ ತಿಳಿಯದು. ಬೆಳಕು ಎಷ್ಟು ಬಿದ್ದಿತೆಂಬುದು ಮಾತ್ರ ಅದಕ್ಕೆ ಗೊತ್ತು. ಆದಕಾರಣ, ಕೋಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ೧೯೭೬ರಲ್ಲಿ ಪೇಟೆಂಟು ಪಡೆದ ಉಪಾಯದಂತೆ, ಫಲಕದ ಒಂದೊಂದು ಕಣದ ಮೇಲೂ ಒಂದೊಂದು ಬಣ್ಣದ ಸೋಸುವ ಪರದೆಯನ್ನು ಹೊದಿಸುವುದು ಬಹುಪಾಲು ಕ್ಯಾಮರಾಗಳ ಪದ್ಧತಿ. ನಾಲ್ಕು ಕಣಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಪ್ರತಿಯೊಂದು ಕಣವೂ ಒಂದೇ ಬಣ್ಣಕ್ಕೆ ಸಾಕ್ಷಿ. ಉಳಿದೆರಡನ್ನು ನೆರೆಯ ಸಾಕ್ಷಿಗಳಿಂದ ಊಹಿಸಿಕೊಳ್ಳಬೇಕು. ಇನ್ನೂ ವಿಚಾರಣೆಯಾಗದ ಈ ಸಾಕ್ಷ್ಯದ ಮೂಟೆಗೇ ‘ರಾ’ ಕಡತವೆಂದು ಹೆಸರು. ೧೪ ಬಿಟ್ಟಿನ ಕ್ಯಾಮರಾದಲ್ಲಿ ಒಂದೊಂದು ಕಣವೂ ಬೆಳಕನ್ನು ೧೬,೩೮೪ ಮೆಟ್ಟಿಲುಗಳಲ್ಲಿ ಅಳೆಯಬಲ್ಲುದು. ಕ್ಯಾಮರಾವೇ ಸಿದ್ಧಮಾಡಿ ಕೊಡುವ ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಉಳಿಯುವುದು ೨೫೬ ಮೆಟ್ಟಿಲು ಮಾತ್ರ. ಮನೆಯ ಮಾತಿನಲ್ಲಿ ಹೇಳುವುದಾದರೆ, ರಾ ಎಂಬುದು ಪಡಿ. ಜೆಪೆಗ್ ಎಂಬುದು ಬಡಿಸಿದ ಎಲೆ.

ಇಲ್ಲಿ ಒಂದು ಪೂರ್ವಪಕ್ಷವು ತಲೆಯೆತ್ತುತ್ತದೆ. “ಹಸಿಯದೊಂದೇ ಸತ್ಯ, ಕೈಯಿಟ್ಟ ಚಿತ್ರವೆಲ್ಲ ಸುಳ್ಳು. ಆದುದರಿಂದ ಪ್ರಾಮಾಣಿಕನಿಗೆ ಯಾವ ಸಾಫ್ಟ್‌ವೇರೂ ಬೇಡ” ಎಂದು ಕೆಲವರು ವಾದಿಸುತ್ತಾರೆ. ಈ ವಾದವು ನಮ್ಮ ತರ್ಕಶಾಸ್ತ್ರಕ್ಕೆ ಹೊಸದಲ್ಲ. ಕಲ್ಪನೆಯ ಸೋಂಕಿಲ್ಲದ ಜ್ಞಾನವೇ ಪ್ರತ್ಯಕ್ಷವೆಂದು ಬೌದ್ಧಾಚಾರ್ಯನಾದ ದಿಙ್ನಾಗನು ಸಾಧಿಸಿದನು. ನೈಯಾಯಿಕರಾದರೋ ನಾಮಜಾತಿಗಳೊಡನೆ ಕೂಡಿದ ಸವಿಕಲ್ಪಕವನ್ನೂ ಪ್ರತ್ಯಕ್ಷವೆಂದೇ ಒಪ್ಪಿದರು. ಅಷ್ಟೇ ಅಲ್ಲ, ನಿರ್ವಿಕಲ್ಪಕ ಜ್ಞಾನವು ನಮ್ಮ ಅನುಭವಕ್ಕೆ ತಾನಾಗಿ ತೋರತಕ್ಕದ್ದಲ್ಲ, ಸವಿಕಲ್ಪಕದ ಬಲದಿಂದ ಅನುಮಾನಿಸತಕ್ಕದ್ದು ಎಂದು ನವ್ಯನ್ಯಾಯದವರು ನಿರ್ಣಯಿಸಿದರು. ರಾ ಕಡತದ ಸ್ಥಿತಿಯೂ ಇದೇ. ಅದನ್ನು ಇದ್ದಂತೆಯೇ ಯಾರೂ ನೋಡಲಾರರು. “ನಾನು ಹಸಿಚಿತ್ರವನ್ನೇ ನೋಡಿದೆ” ಎನ್ನುವವನು ನೋಡಿರುವುದು ಯಾವುದೋ ಒಂದು ಸಾಫ್ಟ್‌ವೇರ್ ಮಾಡಿದ ವ್ಯಾಖ್ಯಾನವನ್ನು. ಅದೇ ಕಡತವನ್ನು ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್, ರಾಥೆರಪಿ ಎಂಬ ನಾಲ್ಕರಲ್ಲಿ ತೆರೆದರೆ, ನಾವು ಬೆರಳಿಡುವ ಮೊದಲೇ ಬಣ್ಣವೂ ನೆರಳೂ ನಾಲ್ಕು ಬಗೆಯಾಗಿ ತೋರುತ್ತವೆ. ಒಂದು ಮೂಲಕ್ಕೆ ನಾಲ್ಕು ಭಾಷ್ಯಗಳಿದ್ದಂತೆ!

ಈ ಭಾಷ್ಯಕಾರರು ನಿಷ್ಪಕ್ಷಪಾತಿಗಳೇ ಆಗಿರುವರೆಂದು ನಂಬುವಂತಿಲ್ಲ. ಫಿಲ್ಮಿನ ಕಾಲದಲ್ಲಿ ಬಣ್ಣದ ಪ್ರತಿಗಳನ್ನು ಸರಿದೂಗಿಸಲು ಕೋಡಕ್ ಸಂಸ್ಥೆಯು ಮುದ್ರಣಶಾಲೆಗಳಿಗೆ ಮಾದರಿಚಿತ್ರಗಳನ್ನು ಕಳುಹಿಸುತ್ತಿದ್ದಿತು. ಅವಕ್ಕೆ ‘ಶರ್ಲಿ ಕಾರ್ಡು’ ಎಂಬ ಹೆಸರು. ಬಹುಕಾಲ ಆ ಕಾರ್ಡುಗಳಲ್ಲಿದ್ದುದು ಬಿಳಿಯ ಹೆಂಗಸಿನ ಮುಖ. ಅವಳ ಮೈಬಣ್ಣವು ಸರಿಬಂದರೆ ಬಣ್ಣವು ಸರಿಯೆಂದು ಲೆಕ್ಕ. ಕಪ್ಪು ಮೈಬಣ್ಣದವರ ಮುಖದ ಸೂಕ್ಷ್ಮಗಳು ನೆರಳಿನಲ್ಲಿ ಮುಳುಗಿಹೋದರೆ ಅದು ಯಾರ ದೋಷವೂ ಅಲ್ಲವೆಂಬಂತೆ ನಡೆಯಿತು. ಯಂತ್ರವು ತಾನಾಗಿ ಕೊಡುವ ಮೊದಲ ರೂಪವು ಪ್ರಕೃತಿಯಲ್ಲ, ಯಾರೋ ಒಬ್ಬರ ಅಭಿಪ್ರಾಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹಾಗಾದರೆ ಎರಡನೆಯ ಪೂರ್ವಪಕ್ಷವು ಬರುತ್ತದೆ: “ಎಲ್ಲವೂ ವ್ಯಾಖ್ಯಾನವೇ ಆದಮೇಲೆ ಸತ್ಯವೆಲ್ಲಿ? ಗಿರಾಕಿಯು ಕೇಳಿದಂತೆ ತಿದ್ದಿಕೊಟ್ಟರೆ ತಪ್ಪೇನು?” ಇದು ಮೊದಲನೆಯದಕ್ಕಿಂತ ಅಪಾಯಕರವಾದ ವಾದ. ಕಾಮಾಲೆಯವನಿಗೆ ಶಂಖವು ಹಳದಿಯಾಗಿ ಕಾಣುವುದೆಂಬ ದೃಷ್ಟಾಂತವನ್ನು ಶಾಸ್ತ್ರಜ್ಞರು ಬಲ್ಲರು. ಹಳದಿ ದೀಪದ ಕೆಳಗೆ ತೆಗೆದ ಚಿತ್ರದಲ್ಲಿಯೂ ಬಿಳಿಯ ಪಂಚೆಯು ಹಳದಿಯಾಗಿಯೇ ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ಬಿಳಿಯ ಸಮತೋಲವನ್ನು ಸರಿಪಡಿಸಿದಾಗ ಆಗುವುದು ಭ್ರಮನಿವಾರಣೆಯೇ ಹೊರತು ಸುಳ್ಳಲ್ಲ. ಕತ್ತಲೆಯಲ್ಲಿ ಅಡಗಿದ್ದ ಮುಖವನ್ನು ಬೆಳಗಿಸಿದರೆ, ಫಲಕವು ನಿಜವಾಗಿ ಕಂಡುದನ್ನೇ ಹೊರಗೆ ತಂದಂತಾಯಿತು. ಇದು ಅಭಿವ್ಯಕ್ತಿ. ಆದರೆ ಶಂಖಕ್ಕೇ ಬೇರೆ ಬಣ್ಣವನ್ನು ಬಳಿದರೆ ಅದು ಅಧ್ಯಾರೋಪ. ಇವೆರಡರ ಗಡಿಯು ಒಮ್ಮೊಮ್ಮೆ ಮಸುಕಾಗಿರಬಹುದು. ಮಸುಕಾದ ಗಡಿಯೂ ಗಡಿಯೇ.

ಮದುವೆಯ ಆಲ್ಬಮ್ಮನ್ನೇ ನೋಡಿರಿ. ಕೃಷ್ಣವರ್ಣದ ವಧುವನ್ನು ಬೆಳ್ಳಗೆ ಮಾಡುವ ರೂಢಿಯನ್ನು ವಾಚಕರೆಲ್ಲರೂ ಕಂಡಿರಬಹುದು. ಹೆಚ್ಚಾಗಿ ಅದನ್ನು ಕೇಳುವವರು ಮನೆಯ ಹಿರಿಯರು. ವಧುವನ್ನು ಕೇಳುವವರು ವಿರಳ. ಮಗಳ ಮೇಲಿನ ಪ್ರೀತಿಯಿಂದಲೇ ಅವರು ಕೇಳಿರಬಹುದು. ಆದರೆ ಆ ಹೆಣ್ಣುಮಗಳು ಆಲ್ಬಮ್ಮನ್ನು ತೆರೆದಾಗ ಓದುವ ಮಾತು ಯಾವುದು? “ನೀನು ಇದ್ದಂತೆ ಇದ್ದುದು ಸಾಲದಾಯಿತು” ಎಂಬುದೇ ಅಲ್ಲವೆ? ಮುಂದೆ ಅವಳ ಮಗಳು ಅದೇ ಆಲ್ಬಮ್ಮಿನಲ್ಲಿ ತಾಯಿಯನ್ನು ಹುಡುಕಿ ಬೇರೊಬ್ಬಳನ್ನು ಕಾಣುತ್ತಾಳೆ. ಗಿರಾಕಿಯ ಸಂತೋಷವೆಂಬ ಒಂದೇ ಅಳತೆಯಿಂದ ಈ ನಷ್ಟವನ್ನು ಅಳೆಯಲಾಗದು.

ಅರಣ್ಯದ ಚಿತ್ರಕ್ಕೂ ಇದೇ ನ್ಯಾಯ. ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು ನಾಲ್ಕು ಕೊಂಬಿನ ಕೊಂಡುಕುರಿಗಾಗಿ ೨೦೧೧ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಯ ಕುರುಚಲು ಕಾಡನ್ನು ಅಳಿಸಿ ಹಚ್ಚಹಸುರಿನ ವನವನ್ನು ಹಿನ್ನೆಲೆಗೆ ಇಟ್ಟರೆ ಚಿತ್ರವು ಸುಂದರವಾದೀತು. ಆದರೆ ಆ ಪ್ರಾಣಿಗೆ ಎಂತಹ ನೆಲ ಬೇಕೆಂಬ ಸಾಕ್ಷ್ಯವೇ ನಾಶವಾಗುತ್ತದೆ. ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭) ಮೊದಲಾದವರಿಂದ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಬಂದ ಗೌರವವು ಇಂತಹ ಸಾಕ್ಷ್ಯದ ಮೇಲೆಯೇ ನಿಂತಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗವಿಭಾಗದಲ್ಲಿ ಚಿತ್ರಕ್ಕೆ ಏನನ್ನಾದರೂ ಸೇರಿಸುವುದೂ ಅದರಿಂದ ತೆಗೆಯುವುದೂ ನಿಷಿದ್ಧ. ೨೦೧೫ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ, ಕೊನೆಯದಕ್ಕೆ ಹಿಂದಿನ ಸುತ್ತಿಗೆ ಬಂದ ಚಿತ್ರಗಳನ್ನು ಮೂಲ ಕಡತಗಳೊಡನೆ ಹೋಲಿಸಿ ನೋಡಿ, ನೂರಕ್ಕೆ ಇಪ್ಪತ್ತರಷ್ಟನ್ನು ತಳ್ಳಿಹಾಕಿದರು. ಮೂಲವು ಉಳಿದಿದ್ದುದರಿಂದಲೇ ಈ ವಿಚಾರಣೆಯು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು.

ಇದರಿಂದ ಸಿದ್ಧಾಂತವು ಹೊರಡುತ್ತದೆ. ಮುಟ್ಟದ ಚಿತ್ರವೆಂಬುದು ಇಲ್ಲದಿರುವುದರಿಂದ, ಚಿತ್ರದ ಸತ್ಯವು ಮುಟ್ಟದಿರುವುದರಲ್ಲಿ ಇಲ್ಲ. ಮುಟ್ಟಿದುದಕ್ಕೆ ಲೆಕ್ಕ ಕೊಡಬಲ್ಲವರಾಗಿರುವುದರಲ್ಲಿ ಇದೆ. ಆದಕಾರಣ ಲೆಕ್ಕ ಕೊಡಲು ನೆರವಾಗುವ ಸಾಫ್ಟ್‌ವೇರನ್ನೇ ಆರಿಸಿಕೊಳ್ಳಬೇಕು. ಅದಕ್ಕೆ ಮೂರು ಲಕ್ಷಣಗಳು. ಮೂಲ ಕಡತವನ್ನು ಅದು ಎಂದಿಗೂ ಕೆಡಿಸಬಾರದು. ಮಾಡಿದ ಒಂದೊಂದು ತಿದ್ದುಪಡಿಯನ್ನೂ ಬರೆದಿಟ್ಟುಕೊಂಡಿರಬೇಕು. ಆ ಬರೆಹವೂ ಮೂಲವೂ ನಾಳೆ ನಮ್ಮ ಕೈಗೆ ಸಿಕ್ಕುವಂತಿರಬೇಕು. ಮೊದಲೆರಡು ಲಕ್ಷಣಗಳು ಮೇಲೆ ಹೆಸರಿಸಿದ ನಾಲ್ಕರಲ್ಲಿಯೂ ಉಂಟು. ಭೇದವಿರುವುದು ಮೂರನೆಯದರಲ್ಲಿ.

ಆಪಲ್ ಸಂಸ್ಥೆಯು ೨೦೦೫ರಲ್ಲಿ ಹೊರತಂದ ಅಪರ್ಚರ್ ಎಂಬುದನ್ನು ಮುಂದೆ ಬೆಳೆಸುವುದಿಲ್ಲವೆಂದು ೨೦೧೪ರಲ್ಲಿ ಸಾರಿತು. ೨೦೧೯ರಲ್ಲಿ ಬಂದ ಅದೇ ಸಂಸ್ಥೆಯ ಹೊಸ ಗಣಕವ್ಯವಸ್ಥೆಯಲ್ಲಿ ಅದು ನಡೆಯದೆಯೇ ಹೋಯಿತು. ೨೦೦೭ರಲ್ಲಿ ಬಂದ ಅಡೋಬಿಯವರ ಲೈಟ್‌ರೂಮನ್ನು ಮೊದಲು ಒಮ್ಮೆ ಕೊಂಡರೆ ನಮ್ಮದಾಗುತ್ತಿದ್ದಿತು. ೨೦೧೫ರ ಆರನೆಯ ಆವೃತ್ತಿಯೇ ಹಾಗೆ ಮಾರಿದುದರಲ್ಲಿ ಕಡೆಯದು. ಬಳಿಕ ಅದು ಬಾಡಿಗೆಯ ಮನೆಯಾಯಿತು. ಲೈಟ್‌ರೂಮ್ ಕ್ಲಾಸಿಕ್ಕಿನಲ್ಲಿ ಬಾಡಿಗೆ ನಿಂತರೂ ಚಿತ್ರಗಳನ್ನು ನೋಡಬಹುದು, ಹೊರತೆಗೆದುಕೊಳ್ಳಬಹುದು. ಹದಗೊಳಿಸುವ ಕೋಣೆಗೆ ಮಾತ್ರ ಬೀಗ. ಬಾಡಿಗೆ ಕೊಡುವುದು ಅಧರ್ಮವಲ್ಲ. ಕುಶಲಿಗಳ ಶ್ರಮಕ್ಕೆ ಬೆಲೆ ಸಲ್ಲಲೇಬೇಕು. ಬೆಲೆ ಕೊಡಲಾರದೆ ಕದ್ದ ಪ್ರತಿಯನ್ನು ಇಟ್ಟುಕೊಳ್ಳುವುದೇ ಅಧರ್ಮ. ಕದ್ದ ತಕ್ಕಡಿಯಲ್ಲಿ ಸತ್ಯವನ್ನು ತೂಗುವುದು ಹೇಗೆ?

ಕೊಡಲಾರದವರಿಗೆ ಬೇರೆ ದಾರಿಯೂ ಇದೆ. ಡೇವ್ ಕಾಫಿನ್ ಎಂಬಾತನು ೧೯೯೭ರಲ್ಲಿ ಡಿಸಿರಾ ಎಂಬ ಚಿಕ್ಕ ಸಾಧನವನ್ನು ಬರೆದು, ಬೇರೆ ಬೇರೆ ಕ್ಯಾಮರಾಗಳ ಮುಚ್ಚಿದ ಕಡತಗಳನ್ನು ಎಲ್ಲರೂ ಓದುವಂತೆ ಮಾಡಿದನು. ೨೦೦೯ರಿಂದ ಬಂದ ಡಾರ್ಕ್‌ಟೇಬಲ್, ೨೦೧೦ರಲ್ಲಿ ತನ್ನ ಒಳಬರೆಹವನ್ನು ಸಾರ್ವಜನಿಕಗೊಳಿಸಿದ ರಾಥೆರಪಿ ಇವು ಬೆಲೆಯಿಲ್ಲದೆ ದೊರೆಯುತ್ತವೆ. ಇವುಗಳ ಲೆಕ್ಕಾಚಾರವನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು. ಕಲಿಯುವ ಶ್ರಮ ಹೆಚ್ಚು, ನಿಜ. ಆದರೆ ವ್ಯಾಕರಣ ಕಲಿಯಲು ಬೇಸರಿಸಿದವನು ಭಾಷ್ಯಕಾರನು ಹೇಳಿದುದನ್ನೇ ನಂಬಿಕೊಂಡಿರಬೇಕಾಗುತ್ತದೆ. ದಿನಕ್ಕೆ ಸಾವಿರ ಚಿತ್ರಗಳನ್ನು ಮುಗಿಸಬೇಕಾದ ಅಂಗಡಿಯವರಿಗೆ ಬಾಡಿಗೆಯದೇ ಅನುಕೂಲವಾದರೆ ಹಾಗೆಯೇ ಮಾಡಲಿ. ಮೂಲ ಕಡತಗಳನ್ನು ಪ್ರತ್ಯೇಕವಾಗಿ ಕಾಪಾಡಲಿ, ಮನೆಯವರು ಕೇಳಿದಾಗ ಕೊಡಲಿ.

ಆದುದರಿಂದ ಈ ಸಾಫ್ಟ್‌ವೇರ್ ಉಳಿಯೂ ಹೌದು, ತಕ್ಕಡಿಯೂ ಹೌದು. ಉಳಿಯೆಂದು ಆರಿಸುವಾಗ ವೇಗವನ್ನೂ ಬೆಲೆಯನ್ನೂ ನೋಡಿರಿ. ತಕ್ಕಡಿಯೆಂದು ಆರಿಸುವಾಗ ಒಂದೇ ಪ್ರಶ್ನೆಯನ್ನು ಕೇಳಿರಿ: ಈ ಚಿತ್ರದಲ್ಲಿರುವವರು ಮುಂದೊಂದು ದಿನ ಬಂದು, “ನಾವು ಇದ್ದಂತೆಯೇ ನಮ್ಮನ್ನು ತೋರಿಸಿರಿ” ಎಂದರೆ, ತೋರಿಸುವ ಶಕ್ತಿಯು ನಮ್ಮಲ್ಲಿ ಉಳಿದಿರುವುದೆ? ಉಳಿದಿರುವುದಾದರೆ ಆಯ್ಕೆಯು ಸರಿಯಾದುದೆಂದು ತಿಳಿಯಬಹುದು.