ಬಿಗಿದ ಬಾಗಿಲು

ನಮ್ಮ ಮಧುವನಹಳ್ಳಿಯಲ್ಲಿ ಐಸ್ ಎಂದರೆ ಐಸ್‌ಕ್ಯಾಂಡಿ ಡಬ್ಬದೊಳಗಿನದು. ಷಿಕಾಗೋದಲ್ಲಿರುವ ಮಗಳಿಗೋ, ಚಳಿಗಾಲದ ಬೆಳಿಗ್ಗೆ ಕಾರಿನ ಬಾಗಿಲು ತೆರೆಯುವುದೇ ಒಂದು ಸಾಹಸ. ಬಾಗಿಲಂಚಿನ ರಬ್ಬರಿಗೆ ಇಳಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಬಾಗಿಲನ್ನು ಕಚ್ಚಿ ಹಿಡಿಯುತ್ತದೆ. ಜೋರಾಗಿ ಎಳೆದರೆ ರಬ್ಬರು ಹರಿಯಬಹುದು. ಕುದಿನೀರು ಸುರಿದರೆ ಗಾಜು ಸೀಳಬಹುದು, ಆ ನೀರೇ ಮತ್ತೆ ಹೆಪ್ಪುಗಟ್ಟಬಹುದು. ಅಲ್ಲಿಯವರು ಮೊದಲು ಬಾಗಿಲಿಗೆ ಮೈಯೊರಗಿಸಿ ಒಳಕ್ಕೆ ಒತ್ತುತ್ತಾರೆ. ಐಸ್ ಬಿರುಕು ಬಿಟ್ಟಮೇಲೆ ಮೆಲ್ಲಗೆ ಎಳೆಯುತ್ತಾರೆ.

ಒಂಬತ್ತನೇ ತರಗತಿಯ ಹುಡುಗಿ ಇದ್ದಕ್ಕಿದ್ದಂತೆ ಮಾತು ಬಿಟ್ಟರೆ ನಾವೇನು ಮಾಡುತ್ತೇವೆ? ಒಂದೋ ಪ್ರಶ್ನೆಗಳಿಂದ ಎಳೆಯುತ್ತೇವೆ, ಇಲ್ಲವೇ ಗದರುತ್ತೇವೆ. ಅವಳ ಪಾಡಿಗೆ ಬಿಡೋಣವೆಂದರೆ, ಅಷ್ಟರಲ್ಲಿ ಮನೆಯಲ್ಲಿ ಮದುವೆ ಗೊತ್ತುಮಾಡಿರುತ್ತಾರೆ. ಬಲವಂತವೂ ಬೇಡ, ಕೈಬಿಡುವುದೂ ಬೇಡ. ಮೊದಲು ಅವಳ ಕಡೆಗೆ ಒರಗಬೇಕು. ಹೇಳಿದರೆ ಬೆನ್ನಿಗೆ ಟೀಚರ್ ಇದ್ದಾರೆಂಬ ಧೈರ್ಯ ಬಂದಮೇಲೆ ಒಂದು ಮೆಲುಮಾತು ಸಾಕು.